ಗುಳಿಗೆಗೆ ಹುಟ್ಟಿದ ಮಗಳು

ಆ ಡಾಕ್ಟರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ನನಗೆ ಉಪ್ಪು ಇಷ್ಟವೋ ಸಿಹಿ ಇಷ್ಟವೋ ಎಂಬುದು.

ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತದ್ದಾಗಿತ್ತು. ಆಮೇಲೆ ಯಾರೋ ಹೇಳಿದರೆಂದು ಅತ್ತೆ ನನ್ನನ್ನು ಚಳ್ಳಕೆರೆಯ ಹಳೇ ಪೇಟೆಯಲ್ಲಿದ್ದ ಒಂದು ಹೋಮಿಯೋಪತಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಹೊಟ್ಟೆ ಒತ್ತಿ ನೋಡುತ್ತಾರೆ, ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ ಎಂದುಕೊಂಡು ಹೋಗಿದ್ದೆ. ಅವರು ಅತ್ತೆಯನ್ನು ಹೊರಗೆ ಕೂರಿಸಿ, ನನಗೆ ಕುರ್ಚಿ ತೋರಿಸಿ, ಫ್ಯಾನು ಜೋರು ಮಾಡಿ, ಉಪ್ಪೋ ಸಿಹಿಯೋ ಎಂದು ಕೇಳಿದರು. ಬಿಸಿಲು ತಡೆಯುತ್ತೀರಾ, ಚಳಿ ತಡೆಯುತ್ತೀರಾ? ಯಾವ ಮಗ್ಗುಲಿಗೆ ಮಲಗುತ್ತೀರಿ? ಅಳು ಬಂದಾಗ ಯಾರಾದರೂ ಸಮಾಧಾನ ಮಾಡಿದರೆ ಹಿತವಾಗುತ್ತದೋ, ಸಿಟ್ಟು ಬರುತ್ತದೋ? ಕನಸಿನಲ್ಲಿ ಏನು ಕಾಣುತ್ತದೆ?

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಅಪ್ಪ ಮಗ್ಗದಲ್ಲಿ ಕೂತರೆ ಮಾತಿಲ್ಲ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಾ ಕೂತರೆ ಮಾತಿಲ್ಲ. ಮಗ್ಗದ ಸದ್ದೇ ನಮ್ಮ ಮನೆಯ ಮಾತು. ಗಂಡನ ಮನೆಯಲ್ಲಿ ಮಾತು ಬೇಕಾದಷ್ಟಿತ್ತು, ಕೇಳುವವರು ಇರಲಿಲ್ಲ. ಈ ಮನುಷ್ಯ ಕೆನ್ನೆಗೆ ಕೈಕೊಟ್ಟು, ಗಡಿಬಿಡಿಯಿಲ್ಲದೆ, ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದರು. ನಾನೂ ಹೇಳಿದೆ. ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತಿರುತ್ತೇನೆ, ಬಸ್ಸು ಬರುತ್ತದೆ, ಸೀಟೂ ಖಾಲಿಯಿರುತ್ತದೆ, ಆದರೂ ಹತ್ತುವುದಿಲ್ಲ, ಇಂಥದ್ದೊಂದು ಕನಸು ಬೀಳುತ್ತದೆ ಅಂದೆ.

"ಮಗು ಬೇಕು ಅಂತ ನಿಮಗನ್ನಿಸ್ತದಾ, ಇಲ್ಲ ಮನೆಯವರಿಗನ್ನಿಸ್ತದಾ?" ಎಂದು ಕೇಳಿದರು.

"ಒಂದೊಂದು ದಿನ ನನಗೂ ಬೇಕು ಅನ್ನಿಸ್ತೈತೆ ಸಾರ್. ಒಂದೊಂದು ದಿನ, ಆಗಿಬಿಟ್ರೆ ಇನ್ನು ಎಲ್ಲಿಗೂ ಹೋಗಂಗಿಲ್ಲ, ಈ ಮನೇಲೇ ಸಾಯ್ಬೇಕು ಅಂತ ಭಯ ಆಗ್ತೈತೆ."

ಅವರು ತಲೆಯಾಡಿಸಿದರು. ನನಗೆ ಅಳು ಬಂತು. ಎದ್ದು ಹೊರಗೆ ಬಂದಾಗ ಎದೆಯ ಮೇಲಿನ ಹೊರೆ ಇಳಿಸಿದ ಹಾಗಿತ್ತು. ಅವರ ಔಷಧಿಗಿಂತ ಮೊದಲು ಅವರ ಕಿವಿಗೆ ನಾನು ಸೋತೆ ಎಂದು ಈಗ ಅನ್ನಿಸುತ್ತದೆ.

ಔಷಧಿಯೆಂದರೆ ಸಾಸಿವೆಗಿಂತ ತುಸು ದೊಡ್ಡ ಬಿಳಿ ಗುಳಿಗೆ. ಕೈಯಲ್ಲಿ ಮುಟ್ಟಬಾರದು, ಮುಚ್ಚಳಕ್ಕೆ ಉದುರಿಸಿಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಇಂಗು, ಕಾಫಿ ಬಿಡಬೇಕು. ಅದರ ಜೊತೆಗೆ ಊಟದ ಪಾಠ ಬೇರೆ. ಬೆಳಿಗ್ಗೆ ನೆನೆಸಿದ ಎಳ್ಳು ಮತ್ತು ಬೆಲ್ಲ, ಮೊಳಕೆ ಹೆಸರುಕಾಳು, ನವಣೆ ಗಂಜಿ, ನುಗ್ಗೆಸೊಪ್ಪು. ಖಾರ ಬೇಡ, ಕರಿದದ್ದು ಬೇಡ. "ಹೊಲ ಹದ ಆಗ್ಬೇಕಮ್ಮಾ ಮೊದಲು," ಎಂದು ಡಾಕ್ಟರು ಅತ್ತೆಗೆ ಹೇಳಿದರು. ಅತ್ತೆಗೆ ಆ ಮಾತು ಬಹಳ ಹಿಡಿಸಿತು. ಬೀಜದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಆ ಊಟದಲ್ಲಿ ತಪ್ಪೇನೂ ಇರಲಿಲ್ಲ. ನವಣೆಯೂ ನುಗ್ಗೆಯೂ ಒಳ್ಳೆಯದೇ, ಮೈ ಹಗುರಾಗಿತ್ತು. ಆದರೆ ನನ್ನ ತಟ್ಟೆಗೆ ಕಾವಲು ಬಿತ್ತು. ಮನೆಮಂದಿಗೆಲ್ಲ ಒಂದು ಅಡುಗೆ, ನನಗೊಂದು. ಪಕ್ಕದ ಮನೆಯ ನಾಮಕರಣದಲ್ಲಿ ಒಗ್ಗರಣೆ ಮಂಡಕ್ಕಿ ಕೊಟ್ಟರು, ಮೇಲೆ ಹಸಿ ಈರುಳ್ಳಿ ಉದುರಿಸಿತ್ತು. ಎಲ್ಲರ ಎದುರಿಗೆ ಆರಿಸಿ ಬದಿಗಿಡಲು ನಾಚಿಕೆಯಾಗಿ ತಿಂದೆ. ಆ ತಿಂಗಳೂ ಮುಟ್ಟಾದೆ. "ಅವತ್ತು ಈರುಳ್ಳಿ ತಿಂದ್ಯಲ್ಲವ್ವ, ಇನ್ನೇನಾಗ್ತೈತೆ," ಎಂದರು ಅತ್ತೆ. ಬೈಯಲಿಲ್ಲ, ನಿಜವೆಂದು ನಂಬಿಯೇ ಹೇಳಿದರು. ಅದಕ್ಕೇ ಹೆಚ್ಚು ಉರಿಯಿತು.

ನನ್ನ ಗಂಡ ಕುದಾಪುರದ ಕಡೆಯ ಒಂದು ಕ್ಯಾಂಪಸ್ಸಿಗೆ ಸಿಬ್ಬಂದಿಯನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಬೆಳಗ್ಗೆ ಇಂಜಿನ್ನಿನ ಕಾವಿನ ಪಕ್ಕ ಕೂತರೆ ಸಂಜೆಯೇ ಏಳುವುದು. ಬಾಯಲ್ಲಿ ಸದಾ ಗುಟ್ಕಾ. ಸಂಜೆ ಮೆಣಸಿನಕಾಯಿ ಬಜ್ಜಿ ತಿಂದು, ಬೆರಳಿಗಂಟಿದ ಎಣ್ಣೆಯನ್ನು ಪೇಪರಿಗೆ ಒರೆಸಿಕೊಳ್ಳುತ್ತಾ ಮನೆಗೆ ಬರುತ್ತಿದ್ದರು. ನಾನು ಅವರ ಎದುರಿಗೆ ಮೊಳಕೆಕಾಳು ಅಗಿಯುತ್ತಾ ಕೂತಿರುತ್ತಿದ್ದೆ. ಒಂದು ಸಲ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, "ಇವರಿಗೂ ಏನಾದ್ರೂ ಪರೀಕ್ಷೆ ಮಾಡಿಸ್ಬೇಕಾ ಸಾರ್?"

ಅವರು ಬಾಗಿಲ ಕಡೆ ನೋಡಿದರು. ಹೊರಗೆ ಅತ್ತೆ ಕೂತಿದ್ದರು.

"ಮೊದಲು ನಿಮ್ದು ಆಗ್ಲಿ ಬಿಡಿ," ಎಂದರು.

ಹೀಗೆ ಹೆಚ್ಚೂಕಡಿಮೆ ಎರಡು ವರ್ಷ ಹೋಯಿತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆ, ಓಣಿಯ ಇಬ್ಬರು ಹೆಂಗಸರು ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನು ಒಳಗೆ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದೆ. ಆಗಲೇ ಸಣ್ಣಗೆ ಹೊಲಿಗೆ ಶುರುಮಾಡಿದ್ದೆ. ಒಬ್ಬಾಕೆ, "ಇನ್ನೂ ಏನೂ ಸುದ್ದಿ ಇಲ್ವಾ?" ಎಂದು ಕೇಳಿದಳು.

"ಎಲ್ಲಿಂದ ಬರ್ತೈತೆ," ಎಂದರು ಅತ್ತೆ. "ಆಕಿಗೇ ಮಗು ಬ್ಯಾಡಂತೆ. ಮಗು ಆದ್ರೆ ಈ ಮನೇಲೇ ಸಾಯ್ಬೇಕಾಗ್ತೈತೆ ಅಂತ ಡಾಕ್ಟ್ರ ಮುಂದೆ ಹೇಳ್ಯಾಳೆ. ಕನಸಿನಾಗೆಲ್ಲಾ ತವರೂರ ಬಸ್‌ಸ್ಟ್ಯಾಂಡೇ ಕಾಣ್ತೈತಂತೆ. ಮನಸಿನಾಗೆ ಬ್ಯಾಡ ಅಂದ್ಕಂಡ್ರೆ ಗರ್ಭ ನಿಲ್ತೈತಾ?"

ಸೂಜಿ ಕೈಯಲ್ಲೇ ಉಳಿಯಿತು. ಆ ಮಾತುಗಳು ನನ್ನವು. ಒಂದೊಂದು ದಿನ ನನಗೂ ಬೇಕು ಅನ್ನಿಸುತ್ತದೆ ಎಂದದ್ದೊಂದು ಬಿಟ್ಟರೆ, ಉಳಿದದ್ದೆಲ್ಲ ಹಾಗೇ ಇತ್ತು. ಮುಚ್ಚಿದ ಬಾಗಿಲ ಹಿಂದೆ ಹೇಳಿದ್ದು ಪಡಸಾಲೆಯಲ್ಲಿ ಶೇಂಗಾ ಸಿಪ್ಪೆಯ ಜೊತೆ ಬಿದ್ದಿತ್ತು.

ಮರುದಿನ ಒಬ್ಬಳೇ ಕ್ಲಿನಿಕ್ಕಿಗೆ ಹೋದೆ. ಯಾಕೆ ಹೇಳಿದಿರಿ ಎಂದು ಕೇಳಿದೆ. ಡಾಕ್ಟರಿಗೆ ಮುಜುಗರವೇನೂ ಆಗಲಿಲ್ಲ. "ಮನೆಯವರ ಸಹಕಾರ ಬೇಕಲ್ಲಮ್ಮಾ, ಅದಕ್ಕೇ ಹೇಳ್ದೆ. ನಿಮ್ಮ ಒಳ್ಳೇದಕ್ಕೇ," ಎಂದರು.

"ನಿಮ್ಮನ್ನ ನಂಬಿ ಹೇಳಿದ್ದೆ ಸಾರ್ ನಾನು." ನನ್ನ ದನಿ ಏರಿತ್ತು. ಹೊರಗೆ ಕೂತವರು ಒಳಗೆ ಇಣುಕಿದರು.

ಅವರು ನನ್ನನ್ನೇ ನೋಡಿ, "ಸಿಟ್ಟು ಜಾಸ್ತಿ ಆಗಿದೆ. ಇದೂ ಒಂದು ಲಕ್ಷಣವೇ. ಔಷಧಿ ಬದಲಾಯಿಸ್ಬೇಕು," ಎಂದು ಇನ್ನೊಂದು ಬಾಟಲಿಗೆ ಕೈ ಚಾಚಿದರು.

ಆ ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ. ಮನೆಗೆ ಹೋಗಿ ಬ್ಯಾಗು ತುಂಬಿಕೊಂಡು, ಗಂಡನಿಗೆ ಫೋನು ಮಾಡಿ, ಮೊಳಕಾಲ್ಮೂರಿಗೆ ಹೊರಟೆ. "ನೀವು ಪರೀಕ್ಷೆ ಮಾಡಿಸ್ಕೊಂಡ ಮೇಲೆ ಬರ್ತೀನಿ. ಇಲ್ಲಾಂದ್ರೆ ಬರಲ್ಲ," ಎಂದಷ್ಟೇ ಹೇಳಿದೆ.

ವಾರಗಟ್ಟಲೆ ಅವರು ಬರಲಿಲ್ಲ. ಅವ್ವ ದಿನಾ, "ಹೋಗು ತಾಯೀ, ಗಂಡಸರನ್ನ ಇಷ್ಟು ಎಳೀಬಾರ್ದು," ಎನ್ನುತ್ತಿದ್ದಳು. ಆಮೇಲೊಂದು ಭಾನುವಾರ ಬಂದರು. ಮನೆಗೆ ಬರಲಿಲ್ಲ, ಬಸ್‌ಸ್ಟ್ಯಾಂಡಿಗೇ ಕರೆಸಿಕೊಂಡರು. ಟೀ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು ಎರಡು ಟೀ ಹೇಳಿದರು.

"ನಮ್ಮ ಜೊತೆ ಡ್ರೈವರೊಬ್ನಿಗೂ ಹಿಂಗೇ ಇತ್ತಂತೆ. ದಾವಣಗೆರೇಲಿ ತೋರಿಸ್ಕೊಂಡ," ಎಂದರು.

"ಹಂಗಾದ್ರೆ ನಾವೂ ಹೋಗೋಣ."

"ಹೋಗೋಣ. ಆದ್ರೆ ಒಂದು ಮಾತು. ಏನೇ ಇರ್ಲಿ, ನಮ್ಮವ್ವಗೆ ಗೊತ್ತಾಗ್ಬಾರ್ದು. ಯಾರಿಗೂ ಗೊತ್ತಾಗ್ಬಾರ್ದು. ನನ್ನ ತಲೆ ಮುಟ್ಟಿ ಹೇಳು."

ನಾನು ತಲೆ ಮುಟ್ಟಲಿಲ್ಲ. "ಆಯ್ತು," ಎಂದೆ.

ದಾವಣಗೆರೆಯ ಡಾಕ್ಟರಿಗೆ ನನ್ನ ಕನಸು ಬೇಕಿರಲಿಲ್ಲ. ಇಬ್ಬರನ್ನೂ ಪರೀಕ್ಷಿಸಿದರು. ನನ್ನದು ಎಲ್ಲ ಸರಿಯಿತ್ತು. ಇವರಿಗೆ ವೃಷಣದ ನರ ಉಬ್ಬಿಕೊಂಡಿದೆ, ಬಿಸಿ ಇಂಜಿನ್ನಿನ ಪಕ್ಕ ಕೂರುವ ಕೆಲಸವೂ ಅದಕ್ಕೆ ಒಳ್ಳೆಯದಲ್ಲ, ಸಣ್ಣ ಆಪರೇಷನ್ ಮಾಡೋಣ, ಗುಟ್ಕಾ ಬಿಡಬೇಕು ಎಂದರು. ಆರು ವರ್ಷ ನನ್ನ ಮೈಯಲ್ಲಿ ಹುಡುಕಿದ್ದು ನನ್ನ ಮೈಯಲ್ಲಿ ಇರಲೇ ಇಲ್ಲ. ಸಂತೋಷವಾಗಬೇಕಿತ್ತು. ಆ ಕಾರಿಡಾರಿನಲ್ಲಿ ಕೂತು ನನಗೆ ಬಂದದ್ದು ಬರೀ ಸುಸ್ತು.

ಪರೀಕ್ಷೆಯಾದ ಮೇಲೆ ನಾನು ಚಳ್ಳಕೆರೆಗೆ ವಾಪಸ್ಸು ಬಂದೆ. ಆಪರೇಷನ್ನಿಗೆ ಹೋದ ದಿನ ಅತ್ತೆಗೆ ತಿರುಪತಿಗೆ ಬಾಡಿಗೆ ಸಿಕ್ಕಿದೆ ಎಂದು ಹೇಳಿದ್ದೆವು. ಡಿಸ್ಚಾರ್ಜ್ ಆದ ಮೇಲೆ ಇವರು ದಾವಣಗೆರೆಯ ಒಂದು ಸೆಲೂನಿನಲ್ಲಿ ತಲೆ ಬೋಳಿಸಿಕೊಂಡರು. ಮನೆಗೆ ಬಂದಾಗ ಅತ್ತೆ ಮಗನ ಬೋಳುತಲೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಲಾಡು?" ಎಂದು ಕೇಳಿದರು. "ರಷ್ ಇತ್ತವ್ವಾ, ಸಿಗ್ಲಿಲ್ಲ," ಎಂದರು ಇವರು. ನಗು ಬಂತು, ನಗಲಿಲ್ಲ. ನೋವು ತಡೆದುಕೊಂಡು ಮೆಲ್ಲಗೆ ಹೆಜ್ಜೆಯಿಡುತ್ತಿದ್ದ ಮಗನನ್ನು ನೋಡಿ, ಬೆಟ್ಟ ಹತ್ತಿ ಕಾಲು ಹಿಡಿದಿದೆ ಎಂದುಕೊಂಡು ಅವರು ಬಿಸಿನೀರು ಕಾಯಿಸಿ ಕೊಟ್ಟರು.

ಕೆಲವು ತಿಂಗಳಿಗೆ ನಾನು ಬಸುರಿಯಾದೆ. ಅತ್ತೆ ಆ ದಿನವೇ ಹಳೇ ಪೇಟೆಯ ಡಾಕ್ಟರಿಗೆ ಸಿಹಿ ಕೊಟ್ಟು ಬಂದರು. ಅಷ್ಟು ದಿನ ತಿಂದ ಗುಳಿಗೆ ಈಗ ಕೆಲಸ ಮಾಡಿದೆ, ನಿಧಾನಕ್ಕೆ ಹಿಡಿಯುವ ಔಷಧಿ ಅದು ಎಂದು ಡಾಕ್ಟರು ಹೇಳಿ ಕಳಿಸಿದರು. ಬರುವಾಗ ಹೆರಿಗೆ ಸಲೀಸಾಗಲೆಂದು ಇನ್ನೊಂದು ಬಾಟಲಿಯೂ ಬಂತು. ಗಂಡ ನನ್ನ ಮುಖ ನೋಡಿದರು. ಕೊಟ್ಟ ಮಾತು ನೆನಪಿಸುವ ನೋಟ ಅದು.

ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಅತ್ತೆ ಎತ್ತಿಟ್ಟರು. ಉಷ್ಣವಂತೆ, ಮಗು ಕಪ್ಪಾಗುತ್ತದಂತೆ, ಗುಳಿಗೆಯ ಶಕ್ತಿ ಕೆಡಿಸುತ್ತದಂತೆ. ಊಟವೂ ಕಡಿಮೆಯಾಯಿತು. ಬಸುರಿಯಾಗುವವರೆಗೆ ತಿನ್ನು ತಿನ್ನು ಎಂದವರು ಈಗ, "ಜಾಸ್ತಿ ಉಣ್ಬ್ಯಾಡ, ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಆಗ್ತೈತೆ," ಎಂದರು. ನಾನು ಕೇಳಿ ತರಿಸಿಕೊಂಡ ಮಾತ್ರೆಗಳನ್ನು ಹೊಲಿಗೆ ಮಷೀನಿನ ಡ್ರಾದಲ್ಲಿ ಇಟ್ಟುಕೊಂಡು ನುಂಗಿದೆ. ಅತ್ತೆಗೆ ಅದೂ ಸಿಕ್ಕಿತು, ಹಿತ್ತಲಿಗೆ ಹೋಯಿತು. ಏಳನೇ ತಿಂಗಳಿಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಉಗುರಲ್ಲಿ ರಕ್ತವೇ ಇರಲಿಲ್ಲ.

ಚೊಚ್ಚಲ ಹೆರಿಗೆ ತವರಲ್ಲಿ. ಮಗಳು ಹುಟ್ಟಿದಳು. ಅವಳ ಹಿಂದೆಯೇ ರಕ್ತ ಹೋಗತೊಡಗಿತು, ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ದಾರಿಯ ನೆನಪಿಲ್ಲ. ಅವ್ವ ನನ್ನ ಪಾದ ತಿಕ್ಕುತ್ತಿದ್ದದ್ದು ಮಾತ್ರ ನೆನಪಿದೆ. ಬೇರೆಯವರ ರಕ್ತ ಹಾಕಿದ ಮೇಲೆ ಉಳಿದೆ. ಎಚ್ಚರವಾದಾಗ ಲೇಡಿ ಡಾಕ್ಟರು ಮಂಚದ ಪಕ್ಕ ನಿಂತು ಕೇಳುತ್ತಿದ್ದರು, "ಮೈಯಲ್ಲಿ ರಕ್ತವೇ ಇರಲಿಲ್ಲವಲ್ಲ. ಕಬ್ಬಿಣದ ಮಾತ್ರೆ ಯಾಕೆ ತಗೊಳ್ಲಿಲ್ಲ?"

ಸುದ್ದಿ ತಿಳಿದು ಚಳ್ಳಕೆರೆಯಿಂದ ಗಂಡನ ಜೊತೆ ಬಂದಿದ್ದ ಅತ್ತೆ ನನಗಿಂತ ಮೊದಲು ಉತ್ತರ ಕೊಟ್ಟರು. "ಆಕಿಗೆ ಸೇರ್ತಿರ್ಲಿಲ್ಲ ಮೇಡಂ. ಎಷ್ಟು ಹೇಳಿದ್ರೂ ನುಂಗ್ತಿರ್ಲಿಲ್ಲ."

ಗಂಡ ಕಿಟಕಿಯ ಹತ್ತಿರ ನಿಂತಿದ್ದರು.

ಅತ್ತೆಯ ಮೇಲಿನ ಸಿಟ್ಟು ಒಂದು ತೂಕವಾದರೆ, ಆಮೇಲಿನ ದಿನಗಳಲ್ಲಿ ಅವ್ವನ ಮೇಲೆ ಹುಟ್ಟಿದ್ದು ಇನ್ನೊಂದು. ಅದಕ್ಕೆ ಸಿಟ್ಟು ಎನ್ನಬೇಕೋ ಏನೋ ಗೊತ್ತಿಲ್ಲ. ಮೊಳಕಾಲ್ಮೂರಿನ ಮನೆಯಲ್ಲಿ ಬಾಣಂತನ ಶುರುವಾಯಿತು. ಕಿಟಕಿಗೆ ಚಾದರ ಕಟ್ಟಿದಳು, ಕಿವಿಗೆ ಬಟ್ಟೆ ಸುತ್ತಿದಳು. ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪಿಲ್ಲ, ಹಣ್ಣಿಲ್ಲ, ಕಾಳಿಲ್ಲ. ನೀರೆಂದರೆ ಊಟದ ಜೊತೆ ಒಂದು ಸಣ್ಣ ಲೋಟ ಬಿಸಿನೀರು, ಅಷ್ಟೆ. "ಬಿಡ್ಡಗೆ ಶೀತ ಆಗ್ತೈತೆ, ನಿನ್ನ ಹೊಟ್ಟೆ ಬೀಳ್ತೈತೆ," ಎನ್ನುತ್ತಿದ್ದಳು. ಕೂಸಿಗೆ ಬಿಡ್ಡ ಎನ್ನುವುದು ನಮ್ಮ ಕಡೆಯ ತೆಲುಗು. ಅಷ್ಟು ರಕ್ತ ಕಳೆದುಕೊಂಡ ಮೈಗೆ ಬಾಯಾರಿಕೆ ಎಂಥದ್ದೆಂದರೆ, ಕೂಸು ಎದೆ ಚೀಪುವಾಗ ನನ್ನ ಗಂಟಲೇ ಸೀಳಿದ ಹಾಗಾಗುತ್ತಿತ್ತು. ಹಾಲು ಸಾಲದೆ ಕೂಸು ಅಳುತ್ತಿತ್ತು. ಅದಕ್ಕೆ ಚಳ್ಳಕೆರೆಯಿಂದ ಹಾಲು ಬರುವ ಗುಳಿಗೆ ಬಂತು.

ಒಂದು ಬೆಳಿಗ್ಗೆ ಅವ್ವ ಬಟ್ಟೆ ಒಗೆಯಲು ಹೋಗಿದ್ದಳು. ಅಪ್ಪ ನೂಲು ತರಲು ಪೇಟೆಗೆ ಹೋಗಿದ್ದ. ನಾನು ಗೋಡೆ ಹಿಡಿದು ಎದ್ದು, ಅಡುಗೆಮನೆಗೆ ಹೋಗಿ, ಕೊಡದಿಂದ ತಣ್ಣೀರು ಮೊಗೆದು ಕುಡಿದೆ. ಚೊಂಬು ಇಳಿಸದೆ ಗಟಗಟ ಕುಡಿದೆ. ಮತ್ತೆ ಮೊಗೆದೆ. ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ, ಬಕೆಟ್ಟು ಕೈಯಲ್ಲಿ.

ಬೈಯುತ್ತಾಳೆ ಎಂದುಕೊಂಡೆ. ಬಕೆಟ್ಟು ಕೆಳಗಿಟ್ಟು, ಮೆಲ್ಲಗೆ, "ನಾನೂ ಕುಡಿದಿದ್ದೆ," ಎಂದಳು.

"ಏನು?"

"ನೀನು ಹುಟ್ಟಿದಾಗ. ನಮ್ಮತ್ತೆ ಬಿಂದಿಗೇನೆಲ್ಲಾ ಕೋಣೇಲಿಟ್ಟು ಬೀಗ ಹಾಕ್ತಿದ್ಲು. ಮಗ್ಗದ ಹತ್ರ ಕಂಡಿಕೆ ನೆನೆಸೋಕೆ ಬೋಗುಣಿ ಇಡ್ತಾರಲ್ಲ, ಆ ನೀರು ಕುಡಿದೆ. ಬಣ್ಣ ಬಿಟ್ಟಿತ್ತು ಅದ್ರಾಗೆ. ಕುಡಿದೆ."

"ಏನಾದ್ರೂ ಆಯ್ತಾ ಅವ್ವಾ? ನನಗೆ ಶೀತ ಆಯ್ತಾ, ನಿನ್ನ ಹೊಟ್ಟೆ ಬಿತ್ತಾ?"

"ಏನೂ ಆಗ್ಲಿಲ್ಲ."

"ಮತ್ತೆ ನನಗ್ಯಾಕೆ ಕೊಡ್ಲಿಲ್ಲ?"

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕದ್ದು ಕುಡಿದೆ ಅಂತ ಯಾರ ಮುಂದೆ ಹೇಳ್ಲಿ? ಕೊಟ್ಟು ನಿನಗೇನಾದ್ರೂ ಆದ್ರೆ ನಿಮ್ಮತ್ತೆ ನನ್ನ ಮುಖಕ್ಕೆ ಉಗೀತಿದ್ಲು," ಎಂದಳು.

ಅವತ್ತಿನಿಂದ ಅವಳು ನನ್ನ ಮಂಚದ ಕೆಳಗೆ ಒಂದು ತಂಬಿಗೆ ನೀರಿಡುತ್ತಿದ್ದಳು. ಯಾರಾದರೂ ನೋಡಲು ಬಂದರೆ ಅದಕ್ಕೆ ಬಟ್ಟೆ ಮುಚ್ಚುತ್ತಿದ್ದಳು. ಹಾಲು ಬಂತು. ಬಂದವರಿಗೆಲ್ಲ ಅವ್ವನೇ, ಗುಳಿಗೆಯಿಂದ ಹಾಲು ಇಳಿಯಿತು ಎಂದು ಹೇಳಿದಳು. ನನ್ನನ್ನು ಪ್ರೀತಿಸುವವಳು ಈ ಲೋಕದಲ್ಲಿ ಅವಳೊಬ್ಬಳೇ ಎಂದು ನನಗೆ ಗೊತ್ತು. ಆದರೂ ಆ ಮಾತು ಕೇಳುತ್ತಾ ಮಲಗಿದ್ದಾಗ ಅವಳ ಕಡೆ ನೋಡಬೇಕೆನ್ನಿಸಲಿಲ್ಲ.

ಐದನೇ ತಿಂಗಳಿಗೆ ಚಳ್ಳಕೆರೆಗೆ ಬಂದೆ. ಅಷ್ಟರಲ್ಲಿ ಅತ್ತೆ ಮೊಬೈಲಿನಲ್ಲಿದ್ದ ಕೂಸಿನ ಫೋಟೋವನ್ನು ಡಾಕ್ಟರಿಗೆ ಕೊಟ್ಟಾಗಿತ್ತು. ಕ್ಲಿನಿಕ್ಕಿನ ಗೋಡೆಯ ಮೇಲೆ, ಕಾಯುವವರು ಕೂರುವ ಬೆಂಚಿನ ಎದುರಿಗೇ, ದೊಡ್ಡದು ಮಾಡಿಸಿ ಹಾಕಿದ್ದರು. ಆರು ವರ್ಷ ಮಕ್ಕಳಿಲ್ಲದ ದಂಪತಿಗೆ ನಮ್ಮ ಚಿಕಿತ್ಸೆಯಿಂದ ಹುಟ್ಟಿದ ಮಗು ಎಂದು ಕೆಳಗೆ ಬರೆದಿತ್ತು. ಓಣಿಯಲ್ಲಿ ನನ್ನ ಮಗಳಿಗೆ ಗುಳಿಗೆ ಕೂಸು ಎಂದೇ ಹೆಸರಾಯಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು.

"ಆ ಫೋಟೋ ತೆಗೆಸ್ರಿ," ಎಂದು ಗಂಡನಿಗೆ ಹೇಳಿದೆ.

"ಇದ್ರೆ ಏನಾಯ್ತು? ತೆಗೆಸಿದ್ರೆ ಯಾಕೆ ಅಂತ ಕೇಳ್ತಾರೆ," ಎಂದರು.

ಫೋಟೋ ನೋಡಿದ ಹೆಂಗಸರು ನನ್ನ ಹತ್ತಿರ ಬರತೊಡಗಿದರು. ನಾನು ಬ್ಲೌಸು ಹೊಲಿಯುತ್ತೇನಲ್ಲ, ಬಟ್ಟೆಯ ನೆವದಲ್ಲಿ ಬರುತ್ತಿದ್ದರು. ಅಳತೆ ಕೊಡುತ್ತಾ, ದನಿ ಇಳಿಸಿ ಕೇಳುತ್ತಿದ್ದರು. ಮೊದಮೊದಲು, ನನಗೆ ಗೊತ್ತಿಲ್ಲಮ್ಮಾ, ದೊಡ್ಡ ಆಸ್ಪತ್ರೆಗೆ ಇಬ್ಬರೂ ಹೋಗಿ ತೋರಿಸಿಕೊಳ್ಳಿ ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಹೋದ ವರ್ಷ ಒಬ್ಬಳು ಬಂದಳು. ಮದುವೆಯಾಗಿ ಮೂರು ವರ್ಷ, ಕುರಿ ಸಾಕುವವರ ಮನೆಯ ಸೊಸೆ. ಅಳತೆಪಟ್ಟಿ ಸುತ್ತಿದರೆ ಮೈಯಲ್ಲಿ ಮಾಂಸವೇ ಇಲ್ಲ. ಪಥ್ಯವೆಂದು ಬರೀ ಗಂಜಿಯ ಮೇಲಿದ್ದಳು, ಜೊತೆಗೆ ವಾರಕ್ಕೆರಡು ಉಪವಾಸ.

"ಅಕ್ಕಾ, ನಿಜ ಹೇಳ್ರಿ. ಆ ಗುಳಿಗೇಲಿ ಆಯ್ತಾ ನಿಮಗೆ? ನಮ್ಮತ್ತೆ ಇನ್ನೊಂದು ವರ್ಷ ನೋಡಿ, ಬ್ಯಾರೆ ಮದುವೆ ಮಾಡ್ತೀನಿ ಅಂತವ್ರೆ," ಎಂದಳು.

ನಾನು ಅಳತೆಪಟ್ಟಿ ಕೆಳಗಿಟ್ಟೆ. "ಗುಳಿಗೇಲಿ ಆಗ್ಲಿಲ್ಲ. ನನ್ನ ಗಂಡನಿಗೆ ತೊಂದ್ರೆ ಇತ್ತು. ದಾವಣಗೆರೇಲಿ ಆಪರೇಷನ್ ಆಯ್ತು, ಆಮೇಲೆ ಆಯ್ತು. ನಿನ್ನ ಗಂಡನ್ನ ಕರ್ಕೊಂಡು ಹೋಗು. ಹೊಟ್ಟೆ ತುಂಬ ಉಣ್ಣು, ಮೊದಲು," ಎಂದೆ.

ಅವಳು ಹೋಗಿ ಗಂಡನಿಗೆ ಹೇಳಿದಳು. ಅವನು ಜಗಳಕ್ಕೆ ಬಿದ್ದ. ನನಗೆ ಪರೀಕ್ಷೆ ಮಾಡಿಸಿಕೋ ಎನ್ನಲು ಆ ಹೊಲಿಗೆಯವಳು ಯಾರು ಎಂದು ಕೇಳಿದನಂತೆ. ಮಾತು ಬಾಯಿಂದ ಬಾಯಿಗೆ ಹೋಗಿ ಅತ್ತೆಯ ಕಿವಿಗೆ ಬಿತ್ತು.

ಅತ್ತೆ ಮಗನನ್ನು ಪಡಸಾಲೆಗೆ ಕರೆದು, ನನ್ನನ್ನೂ ಕರೆದರು. "ನಿನಗೆ ಆಪರೇಷನ್ ಆಗೈತೆ ಅಂತ ನಿನ್ನ ಹೆಂಡ್ತಿ ಊರ ತುಂಬಾ ಹೇಳ್ಕೊಂಡು ಬಂದವ್ಳೆ. ನಿಜಾನೇನೋ?"

ಅವರು ನನ್ನ ಕಡೆ ನೋಡಲಿಲ್ಲ. "ಎಂಥದ್ದೂ ಇಲ್ಲವ್ವಾ," ಎಂದರು.

"ಕೇಳಿದ್ಯಾ?" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಬಂಗಾರದಂಥ ಗಂಡನ ಮ್ಯಾಲೆ ಸುಳ್ಳು ಹೇಳೋಕೆ ನಿನಗೆ ನಾಲಿಗೆ ಹೆಂಗೆ ಬಂತು?"

ನಾನು ಗಂಡನನ್ನೇ ನೋಡುತ್ತಾ ನಿಂತೆ. ಆಸ್ಪತ್ರೆಯ ಕಾಗದಗಳನ್ನು ಅವರು ಎಂದೋ ಸುಟ್ಟಿದ್ದರು, ಅದು ನನಗೆ ಗೊತ್ತಿತ್ತು. ಕಾಗದವಿದ್ದಿದ್ದರೂ ನಾನು ತಂದು ತೋರಿಸುತ್ತಿರಲಿಲ್ಲವೇನೋ. ನನಗೆ ಬೇಕಿದ್ದದ್ದು ಅವರ ಬಾಯಿಂದ ಒಂದು ಮಾತು. ಅವರು ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಓಣಿಗೆ ನಾನು ಸುಳ್ಳಿಯಾದೆ. ಹೊಲಿಗೆಗೆ ಬರುವವರು ಕೆಲಕಾಲ ಕಡಿಮೆಯಾದರು, ಮತ್ತೆ ಬಂದರು. ಕೈಕೆಲಸ ಚೆನ್ನಾಗಿದ್ದರೆ ಜನ ಇಂಥದ್ದನ್ನು ಬೇಗ ಮರೆಯುತ್ತಾರೆ. ಆ ಹುಡುಗಿ ಮಾತ್ರ ಬರಲಿಲ್ಲ. ಅವಳ ಬ್ಲೌಸನ್ನು ಅವಳ ನಾದಿನಿ ಬಂದು ಒಯ್ದಳು, ಹೊಸ್ತಿಲ ಆಚೆಯೇ ನಿಂತು. ಅವಳ ಗಂಡ ಪರೀಕ್ಷೆ ಮಾಡಿಸಿಕೊಂಡನೋ ಇಲ್ಲವೋ ನನಗೆ ತಿಳಿಯಲಿಲ್ಲ. ಈ ಬೇಸಿಗೆಯಲ್ಲಿ ಅವನಿಗೆ ಬೇರೆ ಮದುವೆಯಾಯಿತೆಂದು ಕೇಳಿದೆ.

ನನ್ನ ಗಂಡ ಕೆಟ್ಟವರಲ್ಲ. ಮಗಳಿಗೆ ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಾರೆ. ನನ್ನ ಜೊತೆ ಮಾತ್ರ ನೇರ ಮಾತಿಲ್ಲ. ಬೆಳಿಗ್ಗೆ ಬಸ್ಸಿನ ಕೀ ಕಾಣದಿದ್ದರೆ ನಾನು ಎದುರಿಗಿದ್ದರೂ ಮಗಳನ್ನು ಕೇಳುತ್ತಾರೆ. ಅವಳು ನನ್ನನ್ನು ಕೇಳುತ್ತಾಳೆ. ನಾನು ಅವಳಿಗೆ ಹೇಳುತ್ತೇನೆ. ಇನ್ನೊಂದು ಮಗುವಿನ ಮಾತೆತ್ತಿ ಅತ್ತೆ ಮೊನ್ನೆ ಮತ್ತೆ ಆ ಕ್ಲಿನಿಕ್ಕಿನ ಸುದ್ದಿ ತೆಗೆದರು. ಇವರು ತಟ್ಟೆಯಿಂದ ತಲೆಯೆತ್ತಲಿಲ್ಲ. ನಾನು ಎದ್ದು ಮಷೀನಿನ ಹತ್ತಿರ ಹೋದೆ. ಹಬ್ಬ ಹತ್ತಿರ ಬಂದಿತ್ತು, ಹೊಲಿಯುವುದು ಬಹಳವಿತ್ತು.